ಕರುವಿಗೆ ತಿನ್ನಿಸಿದ ಮಿಠಾಯಿ

ಫೋನಿನ ಆಟದಲ್ಲಿ ನಾನು ಹಿಡಿದು ಸಾಕಿದ ವಿಚಿತ್ರ ಪ್ರಾಣಿಗಳಲ್ಲಿ ಕರುವಿನಂಥದೊಂದಿತ್ತು. ಯಾವ ಪ್ರಾಣಿಯನ್ನೂ ಐದನೇ ಲೆವೆಲ್ ದಾಟಿಸದೆ ಆಟ ಗೆಲ್ಲುತ್ತೇನೆಂದು ತಂಗಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಲೆವೆಲ್ ಏರಿಸುವ ಮಿಠಾಯಿಗಳನ್ನು ಮುಟ್ಟಿರಲಿಲ್ಲ. ಘೋಣಸಗಿ ಎಂಬ ಹಳ್ಳಿಯಲ್ಲಿ ಎಮ್ಮೆಗಳ ನಡುವೆ ಬೆಳೆದ ಅವ್ವನಿಗೆ ಇದು ಸರಿಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತ, "ಮೂಕ ಪ್ರಾಣಿನ ಉಪವಾಸ ಕೆಡವಿ ಕಾದಾಡಸ್ತೀಯಲ್ಲೋ ಯಪ್ಪಾ" ಎನ್ನುತ್ತಿದ್ದಳು.

ಕೊನೆಯ ಕಾಳಗದಲ್ಲಿ ಸೋತು ಸೋತು ತಲೆಕೆಟ್ಟು, ಒಂದು ಮಧ್ಯಾಹ್ನ ಗಾಂಧಿ ಚೌಕದ ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಕರುವಿಗೆ ಇದ್ದಬದ್ದ ಮಿಠಾಯಿಯನ್ನೆಲ್ಲ ತಿನ್ನಿಸಿದೆ. ಗೆದ್ದೆ.

ಸಂಜೆ ಮನೆಯಲ್ಲಿ ತಂಗಿ ಫೋನ್ ಇಸಿದುಕೊಂಡು ನೋಡಿದಳು. "ಇದು ಹತ್ತನೇ ಲೆವೆಲಿಗೆ ಹೆಂಗ ಬಂತಣ್ಣಾ?"

"ಅವ್ವ ತಿನಿಸ್ಯಾಳ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು. "ಹೂಂ ಬೇ, ನಾನಽ ತಿನಿಸೇನಿ. ಹಸ್ದಿತ್ತು" ಎಂದು ಮತ್ತೆ ಬಡಿಯತೊಡಗಿದಳು.

ತಂಗಿ ಫೋನನ್ನು ನನ್ನ ಕೈಗಿಟ್ಟಳು. ಅವ್ವನಿಗೆ ಅದರ ಲಾಕ್ ತೆಗೆಯಲೂ ಬಾರದೆಂಬುದು ಅವಳಿಗೂ ಗೊತ್ತಿತ್ತು.