ಗೆರೆ ಮುಳುಗಿದಾಗ ಇಳಿದವಳು

ಕಳೆದ ಭಾನುವಾರ ಎರಡೂವರೆ ಗಂಟೆ ಕಾಲ ನಾನು ಮಹಾಶೂರನಾಗಿದ್ದೆ. ಟಾಕೀಸಿನ ಬೆಂಚಿನಲ್ಲಿ ಕುಳಿತು.

ಪರದೆಯ ಮೇಲೆ ಮುಖವಾಡದ ಹೀರೋ ಮಾಳಿಗೆಯಿಂದ ಮಾಳಿಗೆಗೆ ಹಾರಿದ. ಗುಂಡು ತಾಗಿದರೂ ಸಾಯಲಿಲ್ಲ. (ಕೂದಲೂ ಕೆದರಲಿಲ್ಲ. ಯಾವ ಎಣ್ಣೆಯೋ.) ಬಡವರಿಗಾಗಿ ಪ್ರಾಣ ಕೊಡುತ್ತೇನೆ ಎಂದು ಅವನು ಎದೆ ತಟ್ಟಿಕೊಂಡಾಗಲೆಲ್ಲ ನಾವು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆವು. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೇ? ಪೇಪರು ತೆರೆದರೆ ಯುದ್ಧ, ಅಂಗಡಿಗೆ ಹೋದರೆ ಕ್ಯೂ. ಸಾಕಾಗಿಹೋಗಿದೆ. ಎಲ್ಲಾದರೂ ಒಬ್ಬ ಒಳ್ಳೆಯವನು ಗೆಲ್ಲುವುದನ್ನು ನೋಡಬೇಕೆನಿಸಿತ್ತು.

ಆಟ ಮುಗಿಸಿ, ಹೊಳೆಯಾಚೆಯ ತಂಗಿಯ ಮನೆಗೆ ಹೋಗಲು ಬೋಳಾರದ ಕಡವಿಗೆ ಬಂದೆ. ಸಂಜೆಯ ಕೊನೆಯ ದೋಣಿ. ಟಾಕೀಸಿನಲ್ಲಿದ್ದ ಹತ್ತು ಮಂದಿಯಾದರೂ ಅದರಲ್ಲಿದ್ದರು. ಆ ದೋಣಿಯ ಹೊರಮೈಗೆ ಒಂದು ಬಿಳಿ ಗೆರೆ ಎಳೆದಿದ್ದಾರೆ. ಗೆರೆ ಮುಳುಗಿದರೆ ಕೊನೆಗೆ ಹತ್ತಿದವರು ಇಳಿಯಬೇಕು. ಅದು ಕಡವಿನ ಕಟ್ಟಳೆ.

ಕೊನೆಗೆ ಹತ್ತಿದವನು ಮದ್ದಿನ ಬಾಟ್ಲಿ ಹಿಡಿದು ಓಡಿಬಂದ ಒಬ್ಬ ಯುವಕ. ಗೆರೆ ಮುಳುಗಿತು.

"ಮಗುವಿಗೆ ಮೂರು ದಿನದಿಂದ ಜ್ವರ ಉಂಟು," ಎಂದ ಅವನು. "ಇದು ಫಳ್ನೀರಿನ ಡಾಕ್ಟ್ರು ಕೊಟ್ಟ ಮದ್ದು. ಇವತ್ತೇ ಕೊಡ್ಬೇಕಂತೆ."

"ಗೆರೆ ಮುಳುಗಿದ್ರೆ ನಾನು ಬಿಡುದಿಲ್ಲ ಮಾರಾಯ್ರೆ," ಎಂದ ದೋಣಿಯವ. "ಇವರ ಬದಲಿಗೆ ಬೇರೆ ಯಾರಾದ್ರೂ ಇಳಿದ್ರೂ ಆಗ್ತದೆ."

ಯಾರು? ನಾವೆಲ್ಲ ನೀರು ನೋಡತೊಡಗಿದೆವು. ತಂಗಿ ಕೋಳಿ ಪದಾರ್ಥ ಮಾಡಿ ಕಾಯುತ್ತಿದ್ದಳು. (ನನ್ನ ಮನೆ ಈಚೆ ದಡದಲ್ಲೇ, ನಡೆದರೆ ಕಾಲು ಗಂಟೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ.)

ಮೀನು ಮಾರಿ, ಖಾಲಿ ಬುಟ್ಟಿ ಹಿಡಿದು ಕುಳಿತಿದ್ದ ಮುದುಕಿಯೊಬ್ಬಳು ಎದ್ದಳು.

"ನಾನು ಇಳಿತೇನೆ. ನಂಗೆ ಎಂತ? ಯಾರದ್ದಾದ್ರೂ ಜಗಲಿ ಉಂಟು. ಬೆಳಿಗ್ಗೆ ಹೇಗೂ ಮೀನಿಗೆ ಬಂದರಿಗೆ ಬರ್ಬೇಕು."

ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗೆ ಇಳಿದು ದಡಕ್ಕೆ ನಡೆದಳು. ಹಾರಲಿಲ್ಲ.

ಗುಂಡು ತಾಗಿದರೂ ಸಾಯುವುದಿಲ್ಲವೆಂದು ಗೊತ್ತಿರುವವನಿಗೆ ಧೈರ್ಯ ಯಾತಕ್ಕೆ? ಮುದುಕಿಗೆ ಜಗಲಿಯಲ್ಲಿ ಸೊಳ್ಳೆ ಕಚ್ಚುತ್ತದೆ, ಹಸಿವಾಗುತ್ತದೆ. ಅದು ಗೊತ್ತಿದ್ದೇ ಇಳಿದಳು. ನನಗೆ ನಾಚಿಕೆಯಾಯಿತು. ಆದರೂ ಕುಳಿತೇ ಇದ್ದೆ.

ನಡುಹೊಳೆಯಲ್ಲಿ ಪಕ್ಕದವ ಕೇಳಿದ, "ಆ ಹೀರೋ ಎಂತ ಹಾರಿದ, ಅಲ್ವಾ?"

ಮುದುಕಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಹೊಡೆಯುವುದಾದರೂ ಹೇಗೆ? ನಮ್ಮ ಕೈಗಳೆಲ್ಲ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.