ಕಂಡಕ್ಟರ್ ನಾಗಲಿಂಗಪ್ಪನ ಪ್ರಾಚೀನ ಗುಡಿಗಳು

ನಾಗಲಿಂಗಪ್ಪ ಮೂವತ್ತೊಂದು ವರ್ಷ ಮುಂಡಗೋಡ–ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ನಿವೃತ್ತನಾದ ಮೇಲೆ ಎರಡು ವರ್ಷ ಮನೆಯಲ್ಲಿ ಕುಳಿತ. ಕುಳಿತ ಅನ್ನುವುದು ಅಷ್ಟು ಸರಿಯಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೋಗಲು ಊರಿಲ್ಲದೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಟ್ರಿಪ್ ಹೊಡೆಯುತ್ತಿದ್ದ. ಮನೆಗೆ ನಾಲ್ಕು ಜನ ನೆಂಟರು ಬಂದರೆ "ಒಳಗ ನಡೀರಿ, ಬಾಗಲದಾಗ ನಿಂದರಬ್ಯಾಡ್ರಿ" ಎಂದು ಅವರನ್ನು ಹಿತ್ತಿಲತನಕ ತಳ್ಳುತ್ತಿದ್ದ.

"ನಿಮ್ಮನ್ನ ಯಾವುದರ ಒಂದು ಗಾಡಿ ಹತ್ತಿಸಬೇಕ್ರಿ. ಇಲ್ಲಾಂದ್ರ ನಾನ ಒಂದು ಗಾಡಿ ಹತ್ತಿ ತವರಮನಿಗೆ ಹೋಗಿಬಿಡತೇನಿ" ಎಂದಳು ಹೆಂಡತಿ ದ್ರಾಕ್ಷಾಯಣಿ.

ಗಾಡಿ ದಾಂಡೇಲಿಯಿಂದ ಬಂತು. ಅಲ್ಲಿ ಮೌಳಂಗಿಯ ಹತ್ತಿರ ಸಾಗರ ಎಂಬವನೊಬ್ಬ ರೆಸಾರ್ಟ್ ನಡೆಸುತ್ತಿದ್ದ. ಆ ಚಳಿಗಾಲದಲ್ಲಿ ಹೊಳೆಯ ನೀರು ಒಂದು ದಿನ ಇದ್ದರೆ ಎರಡು ದಿನ ಇರುತ್ತಿರಲಿಲ್ಲ. ದೋಣಿ ಹತ್ತಿ ಕಿರುಚಾಡಲೆಂದು ಬಂದ ಅತಿಥಿಗಳು ರೂಮಿನಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದರು. ಮೊಬೈಲನ್ನು ಪುಣೆಯಲ್ಲೂ ನೋಡಬಹುದು ಎಂಬ ಸತ್ಯ ಅವರಿಗೆ ಹೊಳೆಯುವ ಮೊದಲು ಬೇರೆ ಏನಾದರೂ ತೋರಿಸಬೇಕಿತ್ತು. ಸಾಗರ ಒಂದು ಚೀಟಿ ಅಚ್ಚು ಹಾಕಿಸಿದ: "ಸೂರ್ಯೋದಯ ಪ್ರವಾಸ. ಎರಡು ಸಾವಿರ ವರ್ಷಗಳ ಬೌದ್ಧ ಮತ್ತು ಹಿಂದೂ ದೇವಾಲಯಗಳು. ಒಂದೇ ದಿನದಲ್ಲಿ." ನಸುಕಿನಲ್ಲೇ ವ್ಯಾನು ಹಳಿಯಾಳ ದಾಟಿ ಮುಂಡಗೋಡಕ್ಕೆ ಬರುವುದು, ಟಿಬೆಟನ್ ಕಾಲೊನಿಯ ಒಂದು ದೊಡ್ಡ ಮಠದಲ್ಲಿ ಸೂರ್ಯನನ್ನು ನೋಡುವುದು, ಅಲ್ಲೇ ಮೊಮೊ ತಿನ್ನುವುದು, ಆಮೇಲೆ ಹಳೆಯ ಈಶ್ವರನ ಗುಡಿಯೊಂದನ್ನು ನೋಡಿ ತಿರುಗಿ ಹೋಗುವುದು. ಇದಕ್ಕೆ ಮುಂಡಗೋಡದ ಒಬ್ಬ ಗೈಡ್ ಬೇಕಾಗಿತ್ತು.

ಕಾಲೊನಿಯ ಅರ್ಧ ಭಿಕ್ಷುಗಳು ಹುಬ್ಬಳ್ಳಿಯ ಆಸ್ಪತ್ರೆಗೋ ರೈಲಿಗೋ ನಾಗಲಿಂಗಪ್ಪನ ಬಸ್ಸಿನಲ್ಲೇ ಹೋದವರು. ಅವನಿಗೆ ಟಿಬೆಟನ್ ಭಾಷೆಯಲ್ಲಿ ನೂರರವರೆಗೆ ಎಣಿಸಲು ಬರುತ್ತಿತ್ತು. ಜೊತೆಗೆ "ಚಿಲ್ಲರೆ ಕೊಡಿ", "ಇಳಿಯಿರಿ", "ಕೈ ಹೊರಗೆ ಹಾಕಬೇಡಿ" ಎನ್ನಲು ಬರುತ್ತಿತ್ತು. ಇಷ್ಟರ ಮೇಲೆ ಊರವರು ಅವನನ್ನು ಬೌದ್ಧಧರ್ಮದಲ್ಲಿ ತಿಳಿದವನು ಎಂದು ಮಾಡಿಬಿಟ್ಟಿದ್ದರು.

ಸಾಗರ ಕೊಟ್ಟ ಚೀಟಿಯನ್ನು ನಾಗಲಿಂಗಪ್ಪ ಕನ್ನಡಕ ಹಾಕಿಕೊಂಡು ಓದಿದ.

"ಇದರಾಗ ಒಂದು ತಪ್ಪೈತ್ರಿ. ಎರಡು ಸಾವಿರ ವರ್ಷ ಅಂತ ಬರದೀರಿ. ಆ ಟಿಬೆಟನ್ ಗುಡಿ ನನ್ನ ಮದುವಿಗಿಂತ ಸಣ್ಣದೈತಿ."

"ಧರ್ಮ ಹಳೇದಲ್ಲೇನ್ರಿ? ಗುಡಿ ಅಂದ್ರ ಧರ್ಮನ ಅಲ್ಲೇನು?"

"ಹಂಗಂದ್ರ ನನ್ನ ಬಸ್ಸೂ ಪ್ರಾಚೀನ ಆತು. ಗಾಲಿ ಕಂಡುಹಿಡದು ಭಾಳ ವರ್ಷ ಆಗೇತಿ."

ಸಾಗರ ನಕ್ಕು, ಒಂದು ಕೆಂಪು ಟೊಪ್ಪಿಗೆಯನ್ನೂ ಕೊರಳಿಗೆ ಹಾಕಿಕೊಳ್ಳುವ ಹೆಸರಿನ ಬಿಲ್ಲೆಯನ್ನೂ ಕೊಟ್ಟ. ಕೆಲಸ ಸಿಕ್ಕಿತು.

ಸೂರ್ಯನ ವಿಷಯದಲ್ಲಿ ಮೊದಲ ತೊಂದರೆ ಬಂತು. ಭತ್ತ ಕೊಯ್ದ ಗದ್ದೆಗಳ ಮೇಲೆ ಮಂಜು ಹಾಸಿರುತ್ತಿತ್ತು. ಮೊದಲ ಹನ್ನೊಂದು ಸೂರ್ಯೋದಯ ಪ್ರವಾಸಗಳಲ್ಲಿ ಸೂರ್ಯ ನಾಲ್ಕು ಸಲ ಮಾತ್ರ ಹಾಜರಿದ್ದ. ಉಳಿದ ದಿನ ಜನ ಶಾಲು ಹೊದ್ದು, ಮೊಬೈಲ್ ಎತ್ತಿ ಹಿಡಿದು, ಬಿಳಿಯ ಗೋಡೆಯಂಥ ಆಕಾಶದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಾಗಲಿಂಗಪ್ಪ ಕೈಗಡಿಯಾರ ನೋಡಿ ಘೋಷಿಸುತ್ತಿದ್ದ: "ಆರು ಐವತ್ತೆರಡು. ಸೂರ್ಯ ಬಂದಾನ್ರಿ. ಕಾಣವಲ್ಲ ಅಷ್ಟ. ಆದ್ರ ಟೈಮಿಗೆ ಬಂದಾನ."

ಎರಡನೆಯ ತೊಂದರೆ ಸತ್ಯದ್ದು. ಮಠದ ಬಂಗಾರ ಬಣ್ಣದ ಮಾಡು, ಉದ್ದನೆಯ ಕಹಳೆಗಳು, ಸಾಲು ದೀಪಗಳು, ಆಳುದ್ದದ ಬುದ್ಧ, ಇವನ್ನೆಲ್ಲ ಕಂಡು ಪ್ರವಾಸಿಗರು ದನಿ ತಗ್ಗಿಸುತ್ತಿದ್ದರು. ಆಗ ನಾಗಲಿಂಗಪ್ಪ ಏರುದನಿಯಲ್ಲಿ, ಈ ಟಿಬೆಟನ್ನರು ಬಂದದ್ದು ಅರವತ್ತರ ದಶಕದಲ್ಲಿ, ಮೊದಲು ತಗಡಿನ ಶೆಡ್ಡಿತ್ತು, ಈ ದೊಡ್ಡ ಮನೆ ಕಟ್ಟುವಾಗ ನನ್ನ ಬಸ್ಸಿನ ಮೇಲೇ ಬಣ್ಣದ ಡಬ್ಬಿ ಬಂದವು ಎಂದು ಹೇಳಿಬಿಡುತ್ತಿದ್ದ. ಜನರ ಮುಖ ಬಾಡುತ್ತಿತ್ತು. ಒಮ್ಮೆ ಪುಣೆಯಿಂದ ಬಂದ, ಕನ್ನಡ ಬಲ್ಲ ದಪ್ಪ ಮೀಸೆಯ ಯಜಮಾನರೊಬ್ಬರು ಇವನನ್ನು ನಂಬದೆ, ಕಟ್ಟೆಯ ಮೇಲೆ ಜಪಮಣಿ ಎಣಿಸುತ್ತ ಕುಳಿತಿದ್ದ ವೃದ್ಧ ಭಿಕ್ಷುವನ್ನೇ ಕೇಳಿದರು. ಜಂಪಾ ಎಂಬ ಆ ಭಿಕ್ಷುವಿಗೆ ಐವತ್ತು ವರ್ಷ ಮುಂಡಗೋಡದ ಸಂತೆಯಲ್ಲಿ ಓಡಾಡಿ ಕಲಿತ ಕನ್ನಡವಿತ್ತು.

"ಗುಡಿಗೆ ಇಪ್ಪತ್ತೆಂಟು ವರ್ಷ. ನನಗ ಎಂಬತ್ತೆರಡು. ಪ್ರಾಚೀನ ಬೇಕಂದ್ರ ನಂದು ಫೋಟೋ ತಗೋರಿ."

ಯಜಮಾನರು ತೆಗೆದರು. ಅವರ ಹಿಂದಿದ್ದವರೂ ತೆಗೆದರು. ಮುಂದಿನ ವಾರದ ಚೀಟಿಯಲ್ಲಿ ಸಾಗರ "ಪ್ರಾಚೀನ ಲಾಮಾ ದರ್ಶನ" ಎಂದು ಒಂದು ಸಾಲು ಸೇರಿಸಿದ.

ಹಿಂದೂ ದೇವಾಲಯದ ಪಾಡು ತಿರುವುಮುರುವಾಗಿತ್ತು. ಹಿರೇಹಕ್ಕಲ ಎಂಬ ಹಳ್ಳಿಯ ಕಲ್ಮೇಶ್ವರನ ಗುಡಿ ನಿಜಕ್ಕೂ ಹಳೆಯದು. ಒಂಬೈನೂರು ವರ್ಷವಾದರೂ ಆಗಿದ್ದೀತು. ಆದರೆ ಅದರ ಗೋಡೆಗಳಿಗೆ ಒಳಗೂ ಹೊರಗೂ ನೀಲಿ ಹೂವಿನ ಬಿಳಿ ಟೈಲ್ಸ್ ಅಂಟಿಸಲಾಗಿತ್ತು. ನಂದಿಗೆ ಕಪ್ಪು ಆಯಿಲ್ ಪೇಂಟ್, ಕೋಡಿಗೆ ಬಂಗಾರದ ಬಣ್ಣ. ವ್ಯಾನಿನಿಂದ ಇಳಿದ ತರುಣನೊಬ್ಬ ಚಪ್ಪಲಿ ಬಿಡದೆ ಒಳಗೆ ನುಗ್ಗಿದ. ತಡೆದು ಕೇಳಿದರೆ, ಶೌಚಾಲಯ ಇದೇ ಅಂದುಕೊಂಡೆ ಎಂದ. "ಹೊಸಾ ಗುಡಿ ನಮ್ಮ ಊರಾಗೂ ಅದಾವ್ರಿ, ಹಳೇದು ತೋರಸ್ರಿ" ಎಂದು ಹುಬ್ಬಳ್ಳಿಯವರು ಗೊಣಗಿದರು. ಇದೇ ಹಳೆಯದು ಎಂದು ನಾಗಲಿಂಗಪ್ಪ ಆಣೆ ಇಟ್ಟು ಹೇಳಿದ. ಹೊಸ ಗುಡಿಯಲ್ಲಿ ನಿಜ ಹೇಳಿ ರಸಭಂಗ ಮಾಡಿದವನು, ಹಳೆಯ ಗುಡಿಯಲ್ಲಿ ನಿಜ ಹೇಳಿ ಸುಳ್ಳುಗಾರನಾದ.

ಒಂದು ನಿಜವನ್ನು ಮಾತ್ರ ಅವನು ಎಲ್ಲೂ ಹೇಳಿರಲಿಲ್ಲ. ಹಿರೇಹಕ್ಕಲ ಅವನು ಹುಟ್ಟಿದ ಊರು. ಹದಿನೆಂಟು ವರ್ಷಗಳ ಹಿಂದೆ ನಡೆದ ಜೀರ್ಣೋದ್ಧಾರಕ್ಕೆ ಅವನೇ ಕಾರ್ಯದರ್ಶಿ. ಗುಡಿ ಕರ್ರಗಾಗಿತ್ತು, ಬಾವಲಿ ತುಂಬಿತ್ತು, ದೇವರು ಕತ್ತಲೆಯಲ್ಲಿ ಒದ್ದೆಯಾಗಿ ಕುಳಿತಿದ್ದ. ನಾಗಲಿಂಗಪ್ಪ ರಜೆ ಹಾಕಿ ಓಡಾಡಿ, ಹುಬ್ಬಳ್ಳಿಯ ನಾಲ್ಕು ಅಂಗಡಿ ಸುತ್ತಿ, ಆ ನೀಲಿ ಹೂವನ್ನು ತಾನೇ ಆರಿಸಿದ್ದ. ಎಲ್ಲ ಮುಗಿದು ಟ್ಯೂಬ್‌ಲೈಟ್ ಹಾಕಿದಾಗ ಗೋಡೆಗಳು ಫಳಫಳ ಹೊಳೆದದ್ದನ್ನು ಕಂಡು ಅವನ ಕಣ್ಣಲ್ಲಿ ನೀರು ಬಂದಿತ್ತು. ಒಳಗೋಡೆಯಲ್ಲಿ ಎದೆಯೆತ್ತರದ ಒಂದು ಕಲ್ಲಿತ್ತು, ತುಂಬ ಹಳೆಯ ಅಕ್ಷರ. ಇದಕ್ಕೇನು ಮಾಡಲಿ ಎಂದು ಗೌಂಡಿ ಕೇಳಿದಾಗ, "ಓದಾಕ ಬರಲಾರದ್ದು ಇದ್ದರೆಷ್ಟು ಬಿಟ್ಟರೆಷ್ಟು? ಅದರ ಮ್ಯಾಲ ದಾನಿಗಳ ಹೆಸರು ಹಚ್ಚು, ಮಂದಿ ಓದಲಿ" ಎಂದಿದ್ದ. ಈಗ ಅಲ್ಲಿ ನಲವತ್ತೆರಡು ಹೆಸರುಗಳ ಅಮೃತಶಿಲೆಯ ಫಲಕವಿತ್ತು. ಪ್ರವಾಸಿಗರು ಒಳಗೆ ಬಂದಾಗಲೆಲ್ಲ ನಾಗಲಿಂಗಪ್ಪ ಆ ಫಲಕಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಬಸ್ಸಿನ ಕಂಬಕ್ಕೆ ಒರಗಿ ನಿಂತ ಅಭ್ಯಾಸ ಎಂದು ಎಲ್ಲರೂ ತಿಳಿದಿದ್ದರು.

ಜನವರಿಯಲ್ಲಿ ಬೆಳಗಾವಿಯ ರಾಜಶ್ರೀ ಎಂಬವರು ಬಂದರು. ನಿವೃತ್ತ ಕನ್ನಡ ಅಧ್ಯಾಪಕಿ. ಕಲ್ಮೇಶ್ವರನ ಗುಡಿಯಲ್ಲಿ ಉಳಿದವರು ನೆರಳು ಹುಡುಕುತ್ತಿದ್ದರೆ ಇವರು ಮೊಣಕಾಲೂರಿ, ಬಣ್ಣ ಕಿತ್ತುಹೋದ ಕಂಬದ ಬುಡವನ್ನು ಬೆರಳಿನಿಂದ ಸವರಿದರು.

"ಭಾಳ ಹಳೇ ಗುಡಿ ಇದು" ಎಂದರು.

ನಾಗಲಿಂಗಪ್ಪನಿಗೆ ಅವರ ಕಾಲು ಮುಟ್ಟಬೇಕೆನಿಸಿತು. "ಅದನ್ನ ಹೇಳಾಕತ್ತೀನ್ರಿ ಮೇಡಂ, ಒಬ್ಬರೂ ನಂಬವಲ್ಲರು."

"ಇಂಥಲ್ಲಿ ಒಂದು ಶಾಸನ ಇರಬೇಕಲ್ರೀ. ಇಲ್ಲೇನು?"

ಅವನು ಬೆನ್ನನ್ನು ಇನ್ನಷ್ಟು ಒತ್ತಿ ನಿಂತ.

"ಈ ಟೈಲ್ಸ್ ಯಾವ ಪುಣ್ಯಾತ್ಮ ಹಚ್ಚಿಸಿದ?"

"ಯಾವನೋ ಕಮಿಟಿಯಾಂವ ಇರಬೇಕ್ರಿ. ತಿಳುವಳಿಕಿ ಇಲ್ಲದಾಂವ."

"ಸ್ವಲ್ಪ ಸರೀರಿ, ಅಲ್ಲೇನೋ ಬರದೈತಿ."

ಮೂವತ್ತೊಂದು ವರ್ಷ ಊರಿಗೆಲ್ಲ ಸರಿಯಿರಿ ಸರಿಯಿರಿ ಎಂದವನು ಈಗ ತಾನೇ ಸರಿಯಬೇಕಾಯಿತು. ರಾಜಶ್ರೀಯವರು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ಅಧ್ಯಕ್ಷರ ಹೆಸರು ಮುಗಿದು, "ಕಾರ್ಯದರ್ಶಿ, ಶ್ರೀ ನಾಗಲಿಂಗಪ್ಪ, ಬಸ್ ನಿರ್ವಾಹಕರು" ಎಂಬಲ್ಲಿಗೆ ಬಂದಾಗ ಅವರ ಕಣ್ಣು ಅವನ ಎದೆಯ ಮೇಲಿನ ಬಿಲ್ಲೆಗೆ ಹೋಯಿತು. ನೆರಳಲ್ಲಿ ನಿಂತಿದ್ದವರೂ ತಿರುಗಿ ನೋಡಿದರು. ಅಂದಿನ ಪ್ರವಾಸದಲ್ಲಿ ಅವರೆಲ್ಲ ಒಟ್ಟಾಗಿ ಗಮನವಿಟ್ಟು ನೋಡಿದ ವಸ್ತು ಅದೊಂದೇ.

ನಾಗಲಿಂಗಪ್ಪ ಟೊಪ್ಪಿಗೆ ತೆಗೆದ. "ತಿಳುವಳಿಕಿ ಇಲ್ಲದಾಂವ ನಾನ ರೀ. ನೀವು ಕೇಳಿದ ಶಾಸನ ಇದರ ಹಿಂದ ಐತಿ."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. "ಒಡದು ಹಾಕಿಲ್ಲಲ್ಲ, ಮುಚ್ಚೀರಿ. ಮುಚ್ಚಿದ್ದನ್ನ ತಗೀಬಹುದು" ಎಂದು ಫೋನ್ ನಂಬರ್ ಕೊಟ್ಟು ವ್ಯಾನು ಹತ್ತಿದರು.

ಮರುದಿನವೇ ಅವನು ಹಿರೇಹಕ್ಕಲಕ್ಕೆ ಹೋದ. ಪೂಜಾರಿ ಕರಿಬಸಪ್ಪ ವಿಷಯ ಕೇಳಿ ಸಿಡಿದ.

"ನಿನಗ ನಿನ್ನ ಹೆಸರು ಬ್ಯಾಡಾಗಿದ್ರ ಅದರ ಮ್ಯಾಲ ಸುಣ್ಣಾ ಬಳಕೋ. ನಮ್ಮಪ್ಪನ ಹೆಸರು ಹದಿನಾರನೇದೈತಿ. ಅದಕ್ಕ ಕೈ ಹಚ್ಚಿದ್ರ ನೋಡು ಮತ್ತ."

ನಾಗಲಿಂಗಪ್ಪ ಮೂರು ವಾರ ಮನೆಮನೆ ತಿರುಗಿದ. ಅಂದು ಹೆಸರು ಹಾಕಿಸಲು ಹತ್ತಿದ ಮೆಟ್ಟಿಲುಗಳನ್ನೇ ಈಗ ಹೆಸರು ತೆಗೆಸಲು ಹತ್ತಿದ. ಹಿಂದಿನವರು ಏನು ಬರೆದಿದ್ದರೆಂದು ತಿಳಿಯುವ ಕುತೂಹಲ ಊರಲ್ಲಿ ಒಬ್ಬರಿಗೂ ಇರಲಿಲ್ಲ. ತಮ್ಮ ಅಪ್ಪಂದಿರ ಹೆಸರನ್ನು ಮುಂದಿನವರು ಓದಬೇಕೆಂಬ ಆಸೆ ಎಲ್ಲರಿಗೂ ಇತ್ತು. ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಫಲಕವನ್ನು ಒಡೆಯದೆ ಬಿಚ್ಚಿ, ಹೊರಗೆ ದ್ವಾರದಲ್ಲಿ ನಿಲ್ಲಿಸುವುದು.

"ದ್ವಾರದಾಗ ಅಂದ್ರ ರಸ್ತಾಕ್ಕ ಕಾಣತೈತೇನು?" ಎಂದ ಕರಿಬಸಪ್ಪ.

"ಬಸ್ಸಿನಾಗ ಕುಂತವರಿಗೂ ಕಾಣತೈತಿ."

ಅಂದೇ ಸಂಜೆ ಎಲ್ಲರೂ ಒಪ್ಪಿದರು. ಇಷ್ಟು ವರ್ಷ ಒಳಗೆ ಕತ್ತಲೆಯಲ್ಲಿ ಯಾಕೆ ಇಟ್ಟೆ ಎಂದು ಇಬ್ಬರು ಅವನಿಗೆ ಬೈದರು ಕೂಡ.

ಫಲಕ ಬಿಚ್ಚುವ ದಿನ ರಾಜಶ್ರೀಯವರು ಬೆಳಗಾವಿಯಿಂದ ಬಂದರು. ಗೌಂಡಿ ಅರ್ಧ ದಿನ ಉಳಿಯಿಂದ ಮೆಲ್ಲಗೆ ಬಡಿದ. ಸಿಮೆಂಟಿನ ಜೊತೆ ಐದು ಸಾಲುಗಳ ಅಕ್ಷರ ಕಿತ್ತುಕೊಂಡು ಬಂದವು. ಒಂಬತ್ತು ಸಾಲು ಉಳಿದವು. ನೆಲದ ಮೇಲೆ ಬಿದ್ದ ಚಕ್ಕೆಗಳನ್ನು ನಾಗಲಿಂಗಪ್ಪ ಟವೆಲಿನಲ್ಲಿ ಆಯ್ದುಕೊಂಡ. ಅವನ್ನು ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ರಾಜಶ್ರೀಯವರು ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, ತಡೆತಡೆದು ಓದಿದರು. ಈ ಊರಿನ ಗಾಣಿಗನೊಬ್ಬ ದೇವರ ಮುಂದೆ ದೀಪ ಆರದಂತೆ ಉರಿಯಲೆಂದು ಒಂದು ತುಂಡು ಭೂಮಿ ಬಿಟ್ಟಿದ್ದ. ಅವನ ಹೆಸರಿದ್ದ ಸಾಲು ಕಿತ್ತುಹೋಗಿತ್ತು. ಕೊನೆಯಲ್ಲಿ, ಈ ಧರ್ಮವನ್ನು, ಅಂದರೆ ಈ ದಾನವನ್ನು, ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದಿತ್ತು.

ಕರಿಬಸಪ್ಪ ನಾಗಲಿಂಗಪ್ಪನ ಕಡೆ ನೋಡಿದ. "ಕೆಡಿಸಿದಾಂವಗ ಇದು. ಮುಚ್ಚಿದಾಂವಗ ಏನು ಬರದಾರ್ರಿ?"

"ಮುಚ್ಚಿದವರ ಬಗ್ಗೆ ಏನೂ ಇಲ್ಲ. ಅವರಿಗೆ ಟೈಲ್ಸ್ ಗೊತ್ತಿರಲಿಲ್ಲ" ಎಂದರು ರಾಜಶ್ರೀ.

ನಾಗಲಿಂಗಪ್ಪ ನಗಲಿಲ್ಲ. ಟವೆಲಿನ ಚಕ್ಕೆಗಳಲ್ಲಿ ಆ ಗಾಣಿಗನ ಹೆಸರಿನ ಅಕ್ಷರವೇನಾದರೂ ಇದ್ದೀತೇ ಎಂದು ಕೈಯಾಡಿಸಿದ. "ಕರಿಬಸಪ್ಪಾ, ದೇವರ ಮುಂದ ದಿನಾ ದೀಪ ಹಚ್ಚತೀಯೇನು?"

"ಟ್ಯೂಬ್‌ಲೈಟ್ ಐತಲ್ಲ. ನೀನ ಹಾಕಿಸಿದ್ದು."

ಅವತ್ತಿನಿಂದ ಪ್ರತಿ ಸೋಮವಾರ ನಾಗಲಿಂಗಪ್ಪ ಎಣ್ಣೆಯ ಸೀಸೆ ಹಿಡಿದು ಹಿರೇಹಕ್ಕಲದ ಬಸ್ ಹತ್ತತೊಡಗಿದ. ಉಳಿದ ಟೈಲ್ಸ್ ಇನ್ನೂ ಹಾಗೇ ಇವೆ. ತೆಗೆಸುವ ಬಗ್ಗೆ ಕಮಿಟಿ ಮೂರು ಸಲ ಸಭೆ ಸೇರಿ ಮೂರು ಸಲವೂ ಚಹಾ ಕುಡಿದಿದೆ. ಸಾಗರ ಮಾತ್ರ ತಡಮಾಡಲಿಲ್ಲ. ಹೊಸ ಚೀಟಿಯಲ್ಲಿ "ಶಾಪಗ್ರಸ್ತ ಗುಡಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ. ಎರಡು ವ್ಯಾನು ಸಾಲದೆ ಮೂರನೆಯದು ಬಂತು. ಗುಡಿಗೇನೂ ಶಾಪವಿಲ್ಲ, ಶಾಪವಿದ್ದರೆ ನನಗೆ, ಈ ಕಲ್ಲನ್ನು ಮುಚ್ಚಿಸಿದವನು ನಾನೇ ಎಂದು ನಾಗಲಿಂಗಪ್ಪ ಪ್ರತಿ ಗುಂಪಿಗೂ ಹೇಳುತ್ತಾನೆ. ಜನ ಅದನ್ನು ಕೇಳಿ ಸಂತೋಷದಿಂದ ಕಿರುಚಿ, ಅವನನ್ನು ಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಸುದ್ದಿ ಕೇಳಿ ಜಂಪಾ ಕೂಡ ಒಂದು ದಿನ ವ್ಯಾನು ಹತ್ತಿ ಬಂದರು. ಕಲ್ಲಿಗೆ ತಲೆಬಾಗಿ, ಏನು ಬರೆದಿದೆ ಎಂದು ಕೇಳಿದರು. ನಾಗಲಿಂಗಪ್ಪ ಬಾಯಿಪಾಠ ಒಪ್ಪಿಸಿದ.

"ಅರವತ್ತು ಸಾವಿರನ?" ಎಂದರು ಜಂಪಾ, ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತ. "ನಮ್ಮ ಗ್ರಂಥದಾಗ ಇಂಥಾದ್ದಕ್ಕ ಇನ್ನೂ ಭಾಳ ಐತಿ. ನಿಮ್ಮವರು ರಿಯಾಯತಿ ಕೊಟ್ಟಾರ."

ಹೋದ ಸೋಮವಾರ ನಾಗಲಿಂಗಪ್ಪ ಗುಡಿಗೆ ಹೋದಾಗ ದೀಪ ಆಗಲೇ ಉರಿಯುತ್ತಿತ್ತು. ಹಿತ್ತಾಳೆಯ ಹೊಸ ದೀಪ, ಶಾಸನದ ಕಲ್ಲಿನ ಹತ್ತಿರಕ್ಕೆ ಸರಿಸಿ ಇಟ್ಟಿತ್ತು. ಟ್ಯೂಬ್‌ಲೈಟ್ ಆರಿಸಲಾಗಿತ್ತು.

"ನೀ ಹಚ್ಚಿದಿ ಏನು?" ಎಂದು ಕರಿಬಸಪ್ಪನನ್ನು ಕೇಳಿದ.

"ಹೂಂ. ದಿನಾ ಹಚ್ಚತೇನಿ ಈಗ. ಫೋಟೋದಾಗ ಚಂದ ಬರತೈತಿ ಅಂತ ಮಂದಿ ಕೇಳತಾರ."

ನಾಗಲಿಂಗಪ್ಪ ಬಗ್ಗಿ ನೋಡಿದ. ದೀಪದಲ್ಲಿ ಎಣ್ಣೆ ಅರ್ಧಕ್ಕಿತ್ತು. ತಾನು ತಂದದ್ದನ್ನು ಸುರಿದು, ಬತ್ತಿಯನ್ನು ಸ್ವಲ್ಪ ಮೇಲೆತ್ತಿ, ಕೈಗೆ ಹತ್ತಿದ ಎಣ್ಣೆಯನ್ನು ತಲೆಗೆ ಒರೆಸಿಕೊಂಡು ಹೊರಗೆ ಬಂದ.