ಟ್ರೆಂಚಿನ ಮೇಲೆ ಒಗೆಯುವ ಕಲ್ಲು

ತೆಂಗಿನ ಮರಕ್ಕೆ ಬರುವ ಅಣಬೆ ರೋಗವನ್ನು ಅಭ್ಯಾಸ ಮಾಡುವುದು ನನ್ನ ಉದ್ಯೋಗ. ತಿಪಟೂರು, ತುರುವೇಕೆರೆ ಕಡೆಯ ತೋಟಗಳಿಂದ ಮಣ್ಣು, ಬೇರಿನ ಚೂರು ತಂದು ಗಾಜಿನ ತಟ್ಟೆಯಲ್ಲಿಟ್ಟು ಶಿಲೀಂಧ್ರ ಬೆಳೆಯುತ್ತದೆಯೇ ಎಂದು ಕಾಯುತ್ತೇನೆ. ಮನೆಯ ಕುಂಡದಲ್ಲಿ ನಾನು ನೆಟ್ಟ ಕರಿಬೇವು ಒಂದು ಬೇಸಿಗೆ ದಾಟಲಿಲ್ಲ. ಈ ಶಿಲೀಂಧ್ರ ಮಾತ್ರ ನನ್ನ ಕೈಯಲ್ಲಿ ಸೊಂಪಾಗಿ ಬೆಳೆಯುತ್ತದೆ.

ಈ ಕೆಲಸದಿಂದ ನನಗೆ ಬಂದಿರುವುದು ಜ್ಞಾನಕ್ಕಿಂತ ಹೆಚ್ಚಾಗಿ ಅಂಜಿಕೆ. ರೋಗ ಇರುವುದು ಮಣ್ಣಿನಲ್ಲಿ. ನೀರು ಹಾಯಿಸಿದರೆ ಪಾತಿಯಿಂದ ಪಾತಿಗೆ ಹರಿಯುತ್ತದೆ, ಬೇರಿನಿಂದ ಬೇರಿಗೆ ದಾಟುತ್ತದೆ, ನೇಗಿಲಿಗೆ ಅಂಟಿಕೊಂಡು ಹೋಗುತ್ತದೆ. ಚಪ್ಪಲಿಗೆ ಅಂಟಿ ಹೋಗುವುದಿಲ್ಲ ಎನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ. ಹೀಗಾಗಿ ಬೈಕಿನ ಬಾಕ್ಸಿನಲ್ಲಿ ಸದಾ ಇನ್ನೊಂದು ಜೊತೆ ಚಪ್ಪಲಿ. ಬೀಗರ ಮನೆಗೆ ಹೋದರೂ ಗೇಟಿನಲ್ಲೇ ಕಾಲು ತೊಳೆಯುತ್ತೇನೆ. ಅವರು ನನ್ನನ್ನು ಬಹಳ ಮಡಿವಂತನೆಂದು ತಿಳಿದಿದ್ದಾರೆ.

ಹಾಲ್ಕುರಿಕೆ ಹತ್ತಿರ ನನ್ನ ಅಕ್ಕನ ತೋಟವಿದೆ, ಮನೆಯೂ ಅಲ್ಲೇ. ಪಕ್ಕದ್ದು ಅವಳ ವಾರಗಿತ್ತಿಯದು, ಅಂದರೆ ಭಾವನ ತಮ್ಮನ ಹೆಂಡತಿಯದು. ಆಸ್ತಿ ಭಾಗವಾಗಿ ಎಷ್ಟೋ ವರ್ಷವಾದರೂ ನಡುವೆ ಬೇಲಿಯಿರಲಿಲ್ಲ, ಒಂದು ಕಾಲುದಾರಿ ಮಾತ್ರ. ಮಧ್ಯಾಹ್ನ ಕಾಫಿ ಹೊತ್ತಿಗೆ ವಾರಗಿತ್ತಿ ಆ ದಾರಿಯಲ್ಲಿ ಬರುತ್ತಾಳೆ. ಇಬ್ಬರೂ ಹಿಂದಿನ ಜಗುಲಿಯಲ್ಲಿ ಕೂತು ಊರಿನವರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಳ್ಳುತ್ತಾರೆ. ಭಾವ ತೀರಿಕೊಂಡ ಮೇಲೆ ಅಕ್ಕ ನಗುವುದು ಹೆಚ್ಚುಕಡಿಮೆ ಆ ಹೊತ್ತಿನಲ್ಲೇ.

ವಾರಗಿತ್ತಿಯ ತೋಟದಲ್ಲಿ, ಅಕ್ಕನ ತೋಟಕ್ಕೆ ತಾಗಿದ ಕೊನೆ ಸಾಲಿನಲ್ಲಿ ಒಂದು ಮರದ ಬುಡದಿಂದ ಕಂದುಗೆಂಪು ಅಂಟು ಇಳಿಯತೊಡಗಿತು. ಕೆಳಗಿನ ಗರಿಗಳು ಜೋತುಬಿದ್ದವು. ಬುಡದಲ್ಲಿ ಅಣಬೆ ಬೇರೆ. ಮಣ್ಣು ಪರೀಕ್ಷಿಸುವ ಅಗತ್ಯವೇ ಇರಲಿಲ್ಲ, ಆದರೂ ಪರೀಕ್ಷಿಸಿದೆ. ಮಾಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮಾಡಿದ ಮೇಲೂ ಬರಲಿಲ್ಲ. ಮರ ಕಡಿದು, ಬುಡ ಬೇರು ಅಗೆದು ಸುಡಬೇಕು, ಅಕ್ಕನ ಸಾಲಿಗೆ ದಾಟದಂತೆ ನಡುವೆ ಉದ್ದಕ್ಕೂ ಆಳದ ಕಾಲುವೆಯಂತೆ ಟ್ರೆಂಚು ಹೊಡೆಸಬೇಕು ಎಂದೆ.

ವಾರಗಿತ್ತಿ ಅಕ್ಕನ ಮುಖ ನೋಡಿದಳು. "ಜಗಳ ಆಡಿರೋರು ಹೊಡೆಸ್ತಾರೆ ಕಣಕ್ಕ ಟ್ರೆಂಚು. ನಮಗೇನಾಗೈತೆ?"

"ನಮಗೇನೂ ಆಗಿಲ್ಲ ಕಣೇ. ಮರಕ್ಕಾಗೈತಂತೆ."

"ಅಣ್ಣ, ನೀವು ಮರ ನೋಡಾಕೆ ಬಂದ್ರೋ, ಭಾಗ ಮಾಡಾಕೆ ಬಂದ್ರೋ?"

ನಾನು ಬೇರು, ನೀರು ಎಂದು ಉದ್ದಕ್ಕೆ ವಿವರಿಸಿದೆ. ನನ್ನ ವಿವರಣೆ ಕೇಳಿ ಯಾರೂ ಒಪ್ಪುವುದಿಲ್ಲ, ಸುಸ್ತಾಗಿ ಹೂಂ ಅನ್ನುತ್ತಾರೆ. ಅವಳೂ ಅಂದಳು.

ಜೆಸಿಬಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಗಾಡಿ ನಿಲ್ಲಿಸಿ, "ಏನಕ್ಕಯ್ಯ, ಇಷ್ಟು ದಿನ ಚೆನ್ನಾಗಿದ್ರಿ, ಈಗೇನು ಬಂತು?" ಎಂದ.

"ಅಣಬೆ ಬಂತು ಕಣಪ್ಪ, ನೀನು ಹೋಗು," ಎಂದಳು ಅಕ್ಕ.

ಮುಂದಿನ ಸಲ ಹೋದಾಗ ವಾರಗಿತ್ತಿ ಹಲಸಿನ ತೊಳೆಯ ತಟ್ಟೆ ಹಿಡಿದು ಟ್ರೆಂಚು ದಾಟಿ ಬರುತ್ತಿದ್ದಳು. ಟ್ರೆಂಚಿನ ಮೇಲೆ ತೆಂಗಿನ ಮರದ ತುಂಡೊಂದು ಅಡ್ಡ ಬಿದ್ದಿತ್ತು. ಕಡಿದ ಮರದ್ದೇ. ಬುಡ, ಬೇರು ಸುಟ್ಟಿದ್ದರು. ಮೇಲಿನ ತುಂಡು ಗಟ್ಟಿಯಾಗಿ ಕಂಡಿದ್ದರಿಂದ ಅದನ್ನು ಸುಡಲು ಮನಸ್ಸು ಬಂದಿರಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನ ಯಾವ ಭಾಗವನ್ನೂ ದಂಡ ಮಾಡುವುದಿಲ್ಲ.

"ಹೆಂಗೈತಣ್ಣ ನಮ್ಮ ಸೇತುವೆ?"

ರೋಗ ದಾಟಬಾರದೆಂದು ತೋಡಿದ ಟ್ರೆಂಚಿಗೆ ರೋಗದ ಮರವೇ ಸೇತುವೆ! ನಾನು ಬಡಬಡಿಸಿದೆ: ಇದನ್ನು ಸುಡಬೇಕು, ಇದರ ಮೇಲೆ ಓಡಾಡಬಾರದು, ಆ ಕಡೆಯ ಮಣ್ಣು ಈ ಕಡೆ ಬರಬಾರದು.

"ಅಂದ್ರೆ ನಾನು ಬರಬಾರ್ದು."

"ಹಾಗಲ್ಲಮ್ಮ, ನಿನ್ನ ಕಾಲಿನ ಮಣ್ಣು..."

"ಕಾಲು ಬುಟ್ಟು ನಾನು ಹೆಂಗಣ್ಣ ಬರ್ಲಿ?"

ತಟ್ಟೆಯನ್ನು ಅಕ್ಕನ ಕೈಗಿಟ್ಟು, ಅದೇ ತುಂಡಿನ ಮೇಲೆ ವಾಪಸು ಹೋದಳು. ಆಗಲೂ ನನ್ನ ಕಣ್ಣು ಅವಳ ಚಪ್ಪಲಿಯ ಮೇಲೇ ಇತ್ತು. ಸಂಜೆಯೊಳಗೆ ತುಂಡನ್ನು ಸುಡಿಸಿದೆ.

ಆ ವಾರದ ಕೊನೆಗೆ ಅಕ್ಕನ ಫೋನು. "ರೋಗ ನಿಂತೈತೋ ಇಲ್ವೋ ಗೊತ್ತಿಲ್ಲ. ಅವಳು ಬರೋದು ನಿಂತೈತೆ."

"ಟಾರ್ ರೋಡಿಗೆ ಹೋಗಿ ಸುತ್ತಿ ಬರಬಹುದಲ್ಲ?"

"ಸುತ್ತಿ ಬರಾಕೆ ಅವಳೇನು ನೆಂಟ್ರೇನೋ?"

ಮಾರನೆಯ ದಿನವೇ ಹೋದೆ. ಅಕ್ಕ ಬಚ್ಚಲ ಪಕ್ಕದಲ್ಲಿ ಹಾರೆ ಹಿಡಿದು ಬಟ್ಟೆ ಒಗೆಯುವ ಚಪ್ಪಡಿ ಕಲ್ಲನ್ನು ಮೀಟುತ್ತಿದ್ದಳು.

"ಕಲ್ಲಿಗೆ ರೋಗ ಬರ್ತೈತೇನೋ?"

"ಇಲ್ಲ."

"ಗ್ಯಾರಂಟಿನಾ?"

"ಇದೊಂದು ಗ್ಯಾರಂಟಿ ಕಣಕ್ಕ."

"ಹಂಗಾದ್ರೆ ಹಿಡಿ."

"ಬಟ್ಟೆ ಎಲ್ಲಿ ಒಗೀತೀಯ?"

"ಅವಳ ಮನೆ ಕಲ್ಲಲ್ಲಿ ಒಗೀತೀನಿ, ಬುಡು."

ಟ್ರೆಂಚಿನ ತನಕ ಎಳೆದು, ಒರಗಿಸಿ, ಆ ಕಡೆಗೆ ನೂಕುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಕಲ್ಲು ಅರ್ಧಕ್ಕೆ ನಿಂತಿತು. ವಾರಗಿತ್ತಿ ತನ್ನ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಕ್ಕ ಕರೆಯಲಿಲ್ಲ. ಕೊನೆಗೆ ಅವಳೇ ಸೆರಗು ಸಿಕ್ಕಿಸಿಕೊಂಡು ಬಂದು ಆ ತುದಿ ಹಿಡಿದಳು.

"ಅಣ್ಣಂಗೆ ಬೂಷ್ಟು ಎತ್ತಿ ಅಭ್ಯಾಸ ಕಣಕ್ಕ, ಕಲ್ಲು ಎತ್ತಿ ಅಲ್ಲ."

ಕಲ್ಲು ಕೂತಿತು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಸುಮ್ಮನಿರಲಿಲ್ಲ. "ಕಲ್ಲೇನೋ ಸರಿ, ಕಾಲಿನ ಮಣ್ಣು..." ಎಂದೆ.

ಅಕ್ಕ ತನ್ನ ಹಳೇ ಚಪ್ಪಲಿ ತಂದು ಕಲ್ಲಿನ ಈ ತುದಿಗೆ ಎಸೆದಳು. "ನಿಂದು ಅಲ್ಲಿ ಬುಡು, ಇದನ್ನ ಮೆಟ್ಕೊಂಡು ಬಾರೇ. ಇವನ ಕಾಟ ತಪ್ಪಲಿ."

ಅವಳು ಹಾಗೆಯೇ ಬಂದಳು. ಕಾಫಿ ಆಯಿತು. ನನ್ನ ಸೊಂಟದ ಬಗ್ಗೆ ಇಬ್ಬರೂ ಬಹಳ ಹೊತ್ತು ನಕ್ಕರು.

ಈಗಲೂ ಹೋದಾಗಲೆಲ್ಲ ಮೊದಲು ಅಕ್ಕನ ಕೊನೆ ಸಾಲಿನ ಬುಡಗಳನ್ನು ನೋಡುತ್ತೇನೆ. ಅಂಟು ಇಳಿದಿಲ್ಲ. ಇಳಿಯುವುದೇ ಇಲ್ಲವೆಂದು ನಾನು ಹೇಳಲಾರೆ. ಆಮೇಲೆ ಕಲ್ಲಿನ ಕಡೆ ನೋಡುತ್ತೇನೆ. ಆ ತುದಿಯಲ್ಲಿ ವಾರಗಿತ್ತಿಯ ಚಪ್ಪಲಿ ಇದ್ದರೆ ಅವಳು ಜಗುಲಿಯಲ್ಲಿದ್ದಾಳೆಂದು ಅರ್ಥ. ಅಕ್ಕನ ಸೀರೆಗಳು ಈಗ ಆ ಮನೆಯ ಹಗ್ಗದ ಮೇಲೆ ಒಣಗುತ್ತವೆ. ಒಗೆಯಲು ಹೋಗಿ ಬರುವಾಗ ಅಕ್ಕ ಚಪ್ಪಲಿ ಬದಲಾಯಿಸುತ್ತಾಳೋ ಇಲ್ಲವೋ, ಕೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಕಾಫಿ ಬರುತ್ತದೆ. ಕುಡಿಯುತ್ತೇನೆ.